ಗಣಕಯಂತ್ರಕ್ಕೂ ಜೀರ್ಣೋದ್ಧಾರವುಂಟು

ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಬಿರುಕುಬಿಟ್ಟ ಹಳೆಯ ಬಸದಿಯನ್ನು ಎತ್ತಿ ನಿಲ್ಲಿಸುವುದು ಹಿರಿದಾದ ಪುಣ್ಯಕಾರ್ಯವೆಂಬ ನಂಬುಗೆ ಜೈನ ಸಮಾಜದಲ್ಲಿ ಬಹುಕಾಲದಿಂದ ನೆಲೆಯೂರಿದೆ. ಜೀರ್ಣೋದ್ಧಾರಕ್ಕೆಂದರೆ ಶ್ರಾವಕರ ಕೈ ತಾನಾಗಿ ಮುಂದೆ ಬರುತ್ತದೆ. ಆದರೆ ಅದೇ ಬಸದಿಯ ಕಚೇರಿಯ ಮೂಲೆಯಲ್ಲಿ ಹತ್ತು ಹದಿನೈದು ವರ್ಷ ನಿಷ್ಠೆಯಿಂದ ದುಡಿದ ಗಣಕಯಂತ್ರವೊಂದು ನಿಧಾನವಾಯಿತೆಂದಾಗ ಜೀರ್ಣೋದ್ಧಾರದ ಮಾತು ಯಾರ ನಾಲಗೆಯಲ್ಲೂ ಸುಳಿಯುವುದಿಲ್ಲ. 'ಹಳೆಯದನ್ನು ಗುಜರಿಗೆ ಹಾಕಿ, ಹೊಸದನ್ನು ತನ್ನಿ' ಎಂಬ ಒಂದೇ ಠರಾವು ಎಲ್ಲ ಸಭೆಗಳಲ್ಲಿಯೂ ಸರ್ವಾನುಮತದಿಂದ ಅಂಗೀಕಾರವಾಗುತ್ತದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಗುಂಪಿದೆ. 'ನಡೆಯುತ್ತಿರುವುದನ್ನು ಮುಟ್ಟಬೇಡಿ' ಎಂಬುದು ಅವರ ಮಂತ್ರ. ಮೊದಲನೆಯವರದು ಪರಿಗ್ರಹದ ದೋಷ, ಎರಡನೆಯವರದು ಪ್ರಮಾದದ ದೋಷ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಪಟ್ಟಣಗಳ ಕುಟುಂಬಗಳೂ ಧಾರ್ಮಿಕ ಟ್ರಸ್ಟುಗಳೂ ಈ ಎರಡು ದೋಷಗಳ ನಡುವೆ ಹಾದಿಯನ್ನು ಕಂಡುಕೊಳ್ಳಲೇಬೇಕಾದ ಕಾಲ ಬಂದಿದೆ.

ಕಾಲ ಬಂದಿದೆ ಎನ್ನಲು ಕಾರಣ ಸ್ಪಷ್ಟವಾಗಿದೆ. 2015ರ ಜುಲೈನಲ್ಲಿ ಹೊರಬಂದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ನೀಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ವ್ಯಕ್ತಿಗತ ಬಳಕೆದಾರರಿಗಾಗಿ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ರಕ್ಷಣೆಯನ್ನು ಅವರು ಘೋಷಿಸಿದರು. ಅದು ಗಡುವಿನ ವಿಸ್ತರಣೆಯೇ ಹೊರತು ಪರಿಹಾರವಲ್ಲ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. 64 ಬಿಟ್ಟಿನ ಸಂಸ್ಕಾರಕ, 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಅಂಗ ಇವೆಲ್ಲ ಇರಬೇಕು. ಇವೆಲ್ಲ ಇದ್ದರೂ ಸಂಸ್ಕಾರಕವು ಆ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿರಬೇಕು. ಆ ಪಟ್ಟಿ ಬಹುಮಟ್ಟಿಗೆ 2018ರ ಈಚಿನ ಯಂತ್ರಗಳಿಗೇ ಸೀಮಿತವಾದುದು. ಇದರಿಂದ ಜಗತ್ತಿನಾದ್ಯಂತ ಸುಮಾರು 24 ಕೋಟಿ ಗಣಕಯಂತ್ರಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅಂದಾಜು ಮಾಡಿತ್ತು. ಅವುಗಳಲ್ಲಿ ಬಹುಪಾಲು ಯಂತ್ರಗಳ ಒಂದು ತಂತಿಯೂ ಸುಟ್ಟಿರಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಅವಶ್ಯ. 32 ಬಿಟ್, 64 ಬಿಟ್ ಎಂಬ ಪದಗಳನ್ನು ಅಂಗಡಿಯವರು ಮಂತ್ರಾಕ್ಷರದಂತೆ ಉಚ್ಚರಿಸುತ್ತಾರೆ. ಕೇಳಿದವರು ಅರ್ಥವಾಗದೆ ತಲೆದೂಗುತ್ತಾರೆ. ವಿಷಯ ಅಷ್ಟು ಗಹನವಲ್ಲ. ಗಣಕಯಂತ್ರವು ತನ್ನ ಸ್ಮೃತಿಯ ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಗೆ 32 ಸ್ಥಾನಗಳಿದ್ದರೆ 4,29,49,67,296 ಮನೆಗಳನ್ನು, ಅಂದರೆ 4 ಗಿಗಾಬೈಟನ್ನು ಮಾತ್ರ ಗುರುತಿಸಬಹುದು. ಖಾತೆ ಪುಸ್ತಕದ ಕಂಬಸಾಲಿನಲ್ಲಿ ಐದು ಅಂಕಿಗಳಿಗೆ ಮಾತ್ರ ಜಾಗವಿದ್ದರೆ ಲಕ್ಷ ರೂಪಾಯಿ ಬಂದಾಗ ಬರೆಯಲಾಗದಂತೆ ಇದು. 64 ಸ್ಥಾನಗಳಾದರೆ ಆ ಕೊರತೆ ತೀರುತ್ತದೆ. ಮೇಜಿನ ಯಂತ್ರಗಳಲ್ಲಿ ಈ ಅಗಲವಾದ ಕಂಬಸಾಲು 2003ರಲ್ಲಿ ಎಎಂಡಿ ಸಂಸ್ಥೆಯಿಂದ ಬಂತು. ಮರುವರ್ಷ ಇಂಟೆಲ್ ಅದನ್ನು ಅನುಸರಿಸಿತು. 2006ರ ಕೋರ್ 2 ಸರಣಿಯ ತರುವಾಯ ಮಾರಾಟವಾದ ಮೇಜಿನ ಯಂತ್ರಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ 64 ಬಿಟ್ಟಿನವು. ಸ್ಮೃತಿ ಒಂದೋ ಎರಡೋ ಗಿಗಾಬೈಟ್ ಮಾತ್ರ ಇದ್ದುದರಿಂದ ಮಾರಿದವರು ಅವುಗಳಲ್ಲಿ 32 ಬಿಟ್ಟಿನ ವ್ಯವಸ್ಥೆಯನ್ನು ತುಂಬಿಕೊಟ್ಟರು. ಯಂತ್ರದ ಸಾಮರ್ಥ್ಯ ಒಳಗೆ ಮಲಗಿತು; ಯಾರೂ ಎಬ್ಬಿಸಲಿಲ್ಲ. ಇಂದು ಅದೇ ಯಂತ್ರವನ್ನು ತೋರಿಸಿ 'ಇದು 32 ಬಿಟ್, ಇದರ ಆಯುಷ್ಯ ಮುಗಿಯಿತು' ಎಂದರೆ ಅದು ಅಜ್ಞಾನ. ತಿಳಿದೂ ಹೇಳಿದರೆ ಅಸತ್ಯ.

ಸಂಸ್ಕಾರಕ ಯಾವ ಬಗೆಯದೆಂದು ನೋಡಲು ಪಂಡಿತನೇ ಬೇಕಿಲ್ಲ. ಯಂತ್ರದ ಸೆಟ್ಟಿಂಗ್ಸ್ ಪುಟದಲ್ಲಿ ವ್ಯವಸ್ಥೆಯ ವಿವರದ ಸಾಲು ಅದನ್ನು ತಾನೇ ಹೇಳುತ್ತದೆ. '64 ಬಿಟ್ ಸಂಸ್ಕಾರಕ, 32 ಬಿಟ್ ಕಾರ್ಯಾಚರಣ ವ್ಯವಸ್ಥೆ' ಎಂಬರ್ಥದ ಮಾತು ಅಲ್ಲಿದ್ದರೆ ಆ ಯಂತ್ರ ಜೀರ್ಣೋದ್ಧಾರಕ್ಕೆ ಯೋಗ್ಯವಾದುದು. ಆದರೆ ಒಂದರ ಮೇಲೊಂದು ಹೊದಿಸಿದಂತೆ 32ರಿಂದ 64ಕ್ಕೆ ಏರಲಾಗದು. ಹಳೆಯ ವ್ಯವಸ್ಥೆಯನ್ನು ಪೂರ್ಣ ಅಳಿಸಿ ಹೊಸದನ್ನು ಬುಡದಿಂದ ಸ್ಥಾಪಿಸಬೇಕು. ಆದಕಾರಣ ಮೊದಲ ಕೆಲಸ ಪ್ರತಿ ತೆಗೆಯುವುದು. ಒಂದಲ್ಲ, ಎರಡು ಪ್ರತಿ. ಎರಡೂ ಬೇರೆ ಬೇರೆ ಸ್ಥಳದಲ್ಲಿ. ಮುದ್ರಣಯಂತ್ರಕ್ಕೆ 64 ಬಿಟ್ಟಿನ ಚಾಲಕ ತಂತ್ರಾಂಶ ದೊರೆಯುವುದೇ ಎಂದು ಅಳಿಸುವ ಮುನ್ನವೇ ನೋಡಬೇಕು. ಅಳಿಸಿದ ಮೇಲೆ ಹುಡುಕಹೊರಟವರು ರಸೀದಿಯನ್ನು ಕೈಯಲ್ಲಿ ಬರೆಯಬೇಕಾಗುತ್ತದೆ. 32 ಬಿಟ್ಟಿನ ಹೆಚ್ಚಿನ ತಂತ್ರಾಂಶಗಳು ಹೊಸ ವಿಂಡೋಸಿನಲ್ಲಿಯೂ ನಡೆಯುತ್ತವೆ. ಆದರೆ ಡಾಸ್ ಕಾಲದ 16 ಬಿಟ್ಟಿನ ಲೆಕ್ಕಪತ್ರ ತಂತ್ರಾಂಶಗಳು ನಡೆಯವು. ಅವುಗಳನ್ನು ಡಾಸ್‌ಬಾಕ್ಸ್‌ನಂತಹ ಉಚಿತ ಅನುಕರಣ ತಂತ್ರಾಂಶದೊಳಗೆ ಓಡಿಸಿ, ಲೆಕ್ಕವನ್ನು ಹೊರತೆಗೆದು, ಹೊಸ ರೂಪಕ್ಕೆ ತರಬೇಕು. ಇಷ್ಟು ಶ್ರಮವಿಲ್ಲದೆ ಜೀರ್ಣೋದ್ಧಾರವಿಲ್ಲ. ಕಲ್ಲಿನ ಬಸದಿಯಾದರೂ ಪ್ರತಿ ಕಲ್ಲಿಗೂ ಗುರುತು ಬರೆದ ಮೇಲಲ್ಲವೇ ಬಿಚ್ಚುವುದು?

ಈಗ ಎರಡನೆಯ ಗುಂಪಿನ ವಾದವನ್ನು ನೋಡಬೇಕು. 'ಯಂತ್ರ ನಡೆಯುತ್ತಿದೆ, ಇದ್ದಂತೆ ಇರಲಿ. ಇದಕ್ಕಿಂತ ಅಪರಿಗ್ರಹ ಬೇರೇನಿದೆ?' ಎಂದು ಅವರು ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಪರಿಗ್ರಹದ ವೇಷ ತೊಟ್ಟು ಬಂದ ಆಲಸ್ಯವನ್ನು ವ್ರತವೆಂದು ಕರೆಯಲಾಗದು. ವಿಂಡೋಸ್ ಎಕ್ಸ್‌ಪಿಯ ರಕ್ಷಣೆ 2014ರ ಏಪ್ರಿಲ್ 8ರಂದೂ ವಿಂಡೋಸ್ 7ರ ಸಾಮಾನ್ಯ ರಕ್ಷಣೆ 2020ರ ಜನವರಿ 14ರಂದೂ ಮುಗಿದವು. ಆ ವ್ಯವಸ್ಥೆಗಳಲ್ಲಿ ನಂತರ ಕಂಡುಬಂದ ಬಿರುಕುಗಳನ್ನು ಸಾಮಾನ್ಯ ಬಳಕೆದಾರರಿಗಾಗಿ ಮುಚ್ಚುವವರಿಲ್ಲ. ಅಂತರ್ಜಾಲಕ್ಕೆ ಜೋಡಿಸಿದ ಅಂತಹ ಯಂತ್ರವೆಂದರೆ ಬಾಗಿಲಿನ ಅಗುಳಿ ಮುರಿದ ಭಂಡಾರ. ಭಂಡಾರದಲ್ಲಿ ಇರುವುದೇನು? 2021-22ರ ಆರ್ಥಿಕ ವರ್ಷದಿಂದ 80ಜಿ ಮಾನ್ಯತೆ ಪಡೆದ ಸಂಸ್ಥೆಗಳು ದಾನಿಗಳ ಹೆಸರು, ವಿಳಾಸ, ಗುರುತಿನ ಸಂಖ್ಯೆಗಳನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸುವ ನಿಯಮ ಬಂದಿತು. ಅಂದಿನಿಂದ ಸಣ್ಣ ಟ್ರಸ್ಟುಗಳ ಯಂತ್ರಗಳಲ್ಲೂ ಪ್ಯಾನ್ ಮತ್ತು ಆಧಾರ್ ಸಂಖ್ಯೆಗಳು ಸೇರಿಕೊಂಡವು. ಅವು ಟ್ರಸ್ಟಿನ ಸ್ವತ್ತಲ್ಲ. ದಾನಿಯು ನಂಬಿ ಒಪ್ಪಿಸಿದ ನ್ಯಾಸ. ಇತರರ ನ್ಯಾಸದ ವಿಷಯದಲ್ಲಿ ತಪ್ಪುವುದನ್ನು ತತ್ವಾರ್ಥಸೂತ್ರವು ನ್ಯಾಸಾಪಹಾರವೆಂಬ ಹೆಸರಿನಿಂದ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಪಹರಿಸಿದವನು ಎಲ್ಲೋ ದೂರದ ದೇಶದ ಚೋರನಿರಬಹುದು. ಬಾಗಿಲು ತೆರೆದಿಟ್ಟವನು ಯಾರು? ಪ್ರಮಾದದಿಂದ ಆದ ಹಾನಿಯನ್ನೂ ಹಿಂಸೆಯೆಂದೇ ಬಗೆದ ಧರ್ಮದಲ್ಲಿ 'ನಮಗೆ ಗೊತ್ತಾಗಲಿಲ್ಲ' ಎಂಬ ಉತ್ತರಕ್ಕೆ ಬೆಲೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ದತ್ತಾಂಶವನ್ನು ಇಟ್ಟುಕೊಂಡವರ ಮೇಲೆಯೇ ಅದನ್ನು ಕಾಯುವ ಹೊಣೆಯನ್ನು ಹೊರಿಸಿದೆ.

ಮೂರನೆಯ ದಾರಿಯೊಂದು ಸದ್ದಿಲ್ಲದೆ ನಡೆಯುತ್ತಿದೆ. ಅದನ್ನು ಬೆಳಕಿಗೆ ತರದಿದ್ದರೆ ಈ ಚರ್ಚೆ ಅಪೂರ್ಣ. ರಿಪೇರಿಯವನು ಬರುತ್ತಾನೆ, ಜೇಬಿನಿಂದ ಬೆರಳುದ್ದದ ಪೆನ್‌ಡ್ರೈವ್ ತೆಗೆಯುತ್ತಾನೆ, ಬೆಲೆ ತೆರದ ನಕಲು ವ್ಯವಸ್ಥೆಯನ್ನು ತುಂಬಿ, ನಕಲು ಕೀಲಿಯಿಂದ ಅದನ್ನು ತೆರೆದು, ಕೂಲಿ ಪಡೆದು ಹೋಗುತ್ತಾನೆ. ಹಳೆಯ ಯಂತ್ರವು ಹೊಸ ವ್ಯವಸ್ಥೆಗೆ ಅರ್ಹವಲ್ಲವೆಂದು ಯಂತ್ರವೇ ಹೇಳಿದರೂ ಪರೀಕ್ಷೆಯನ್ನು ವಂಚಿಸಿ ಒಳಗೆ ತುರುಕುವವರೂ ಇದ್ದಾರೆ. ಟ್ರಸ್ಟಿನ ಲೆಕ್ಕದಲ್ಲಿ ಅದು 'ಗಣಕಯಂತ್ರ ದುರಸ್ತಿ' ಎಂದು ನಮೂದಾಗುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೆಂದರೆ ಕದ್ದು ತಂದುದನ್ನು ಕೊಳ್ಳುವುದು. ಪ್ರತಿರೂಪಕ ವ್ಯವಹಾರವೆಂದರೆ ನಕಲಿಯನ್ನು ಅಸಲಿಯೆಂದು ನಡೆಸುವುದು. ಈ ಎರಡೂ ಒಂದೇ ಪೆನ್‌ಡ್ರೈವಿನಲ್ಲಿ ಬರುತ್ತವೆ. ಪರ್ಯೂಷಣ, ದಶಲಕ್ಷಣ ಪರ್ವಗಳ ಆಮಂತ್ರಣವನ್ನು ಕದ್ದ ತಂತ್ರಾಂಶದಲ್ಲಿ ಅಚ್ಚು ಹಾಕಿಸುವುದು ಎಂತಹ ವಿಪರ್ಯಾಸವೆಂಬುದನ್ನು ಪ್ರತಿ ಟ್ರಸ್ಟಿನ ಕಾರ್ಯದರ್ಶಿಯೂ ಏಕಾಂತದಲ್ಲಿ ಯೋಚಿಸಲಿ. ಅಲ್ಲದೆ ನಕಲು ಕೀಲಿಯೊಡನೆ ರೋಗಾಣುವಿನಂತಹ ತಂತ್ರಾಂಶಗಳೂ ಬರುವುದುಂಟು. ಆಗ ದೋಷವೂ ತಗಲುತ್ತದೆ, ದತ್ತಾಂಶವೂ ಹೋಗುತ್ತದೆ.

ಹಾಗಾದರೆ ಬಡ ಟ್ರಸ್ಟು ಏನು ಮಾಡಬೇಕು? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವಿದೆ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಯಾರೂ ಹಣ ತೆರದೆ, ಯಾರಿಂದಲೂ ಕದಿಯದೆ ಸ್ಥಾಪಿಸಿಕೊಳ್ಳಬಹುದು, ನೆರೆಯವರಿಗೂ ಹಂಚಬಹುದು. ಹಂಚಿದಷ್ಟೂ ಅದರ ಕರ್ತೃಗಳಿಗೆ ಸಂತೋಷ. ಶಾಸ್ತ್ರದಾನದ ಕಲ್ಪನೆಯುಳ್ಳ ಸಮಾಜಕ್ಕೆ ಇದನ್ನು ಅರಿಯುವುದು ಕಷ್ಟವಲ್ಲ. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ, 2017ರಿಂದ ಕೈಟ್ ಸಂಸ್ಥೆಯ ಮೂಲಕ, ಮುಕ್ತ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತ ಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ವ್ಯವಸ್ಥೆಯೊಳಗೇ ಇವೆ. ಕಾಸರಗೋಡಿನ ಮಕ್ಕಳು ಕಲಿಯಬಲ್ಲುದನ್ನು ಹೊನ್ನಾಳಿಯ ಗುಮಾಸ್ತರು ಕಲಿಯಲಾರರೆಂದು ಹೇಳುವುದು ಗುಮಾಸ್ತರಿಗೆ ಮಾಡುವ ಅವಮಾನ. ಇಲ್ಲಿಯೂ ಕಾಲ ನಿಂತಿಲ್ಲವೆಂಬುದನ್ನು ಮರೆಯಬಾರದು. ದೀರ್ಘಕಾಲ ಹಳೆಯ ಯಂತ್ರಗಳ ಆಶ್ರಯವಾಗಿದ್ದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ 32 ಬಿಟ್ಟಿನ ಇಂಟೆಲ್ ಯಂತ್ರಗಳಿಗೆ ಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿತು. 64 ಬಿಟ್ಟಿನ ಯಂತ್ರಗಳಿಗೆ ಮಾತ್ರ ಬಾಗಿಲು ಅಗಲವಾಗಿ ತೆರೆದಿದೆ. ಸ್ಮೃತಿಯನ್ನು 4 ಗಿಗಾಬೈಟಿಗೆ ಏರಿಸಿ, ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಜೋಡಿಸಿದರೆ ರಸೀದಿ, ಪತ್ರವ್ಯವಹಾರ, ಪಂಚಾಂಗ, ಸದಸ್ಯರ ಪಟ್ಟಿ ಇವುಗಳಿಗೆ ಅಂತಹ ಯಂತ್ರ ಧಾರಾಳವಾಗಿ ಸಾಕು. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರ ತಂತ್ರಾಂಶ ಬೇಕೇಬೇಕೆಂದಾದರೆ, ಆಗ ಒಂದು ಹೊಸ ಯಂತ್ರವನ್ನು, ಒಂದನ್ನೇ, ಸರಿಯಾದ ಪರವಾನಗಿಯೊಡನೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಪರಿಗ್ರಹ ಪರಿಮಾಣವೆಂದರೆ ಬೇಕಾದುದಕ್ಕೆ ಅಳತೆಯಿಡುವುದು.

ಇಷ್ಟೆಲ್ಲ ಹೇಳಿದ ಮೇಲೂ ಯಂತ್ರಕ್ಕಿಂತ ಹಿರಿದಾದ ವಿಷಯವೊಂದು ಉಳಿಯುತ್ತದೆ, ಅದು ಬರಹ. ಎರಡು ದಶಕಗಳ ಕಾಲ ಸಣ್ಣ ಊರುಗಳ ಕನ್ನಡ ಬರಹವೆಲ್ಲ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಅಡಗಿದೆ. ಅವು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕುಳ್ಳಿರಿಸಿದ್ದವು. ಆ ಶೈಲಿ ಇಲ್ಲದ ಹೊಸ ಯಂತ್ರದಲ್ಲಿ ಕಡತವನ್ನು ತೆರೆದರೆ ದಾನಿಗಳ ಪಟ್ಟಿಯ ಬದಲು ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡ್ ಹಾಗಲ್ಲ, 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. 'ಕ' ಎಂಬ ಅಕ್ಷರಕ್ಕೆ 3221 ಎಂಬ ಸಂಖ್ಯೆ, ಯಾವ ದೇಶದ ಯಾವ ಯಂತ್ರದಲ್ಲಿಯೂ ಅದೇ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಅವು ಒತ್ತಕ್ಷರಗಳಲ್ಲಿ, ಅರ್ಕಾವತ್ತಿನಲ್ಲಿ ಅಲ್ಲಲ್ಲಿ ಎಡವಬಹುದು. ಆದ್ದರಿಂದ ಓದಿ ತಿದ್ದುವ ಕಣ್ಣು ಬೇಕು. ಯಂತ್ರ ಬದಲಿಸಿ ಬರಹವನ್ನು ಬಿಟ್ಟುಬಿಟ್ಟರೆ ಗರ್ಭಗುಡಿಯನ್ನು ಕಟ್ಟಿ ಬಿಂಬವನ್ನು ಹೊರಗೆ ಬಿಟ್ಟಂತೆ.

ಈ ಕೆಲಸ ಜೈನ ಸಮಾಜಕ್ಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೇ ಪ್ರತಿಯಿದ್ದರೆ ಗೆದ್ದಲೂ ಕಾಲವೂ ಅದನ್ನು ಉಳಿಸವೆಂದು ಅವಳು ಅರಿತಿದ್ದಳು. ವೀರಸೇನಾಚಾರ್ಯರ ಧವಲಾ ಟೀಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ದರ್ಶನದ ವಸ್ತುವಾಗಿ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅದನ್ನು ಕಾಗದಕ್ಕೆ, ಕನ್ನಡದಲ್ಲಿಯೂ ನಾಗರಿಯಲ್ಲಿಯೂ ಪ್ರತಿ ಮಾಡಿದ ಮೇಲೆಯೇ 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬರಲು ಸಾಧ್ಯವಾಯಿತು. ಗರಿಗಳನ್ನು ಪೂಜಿಸಿದವರಿಗೂ ನಮಸ್ಕಾರ ಸಲ್ಲಬೇಕು. ಆದರೆ ಗ್ರಂಥವನ್ನು ಲೋಕಕ್ಕೆ ಕೊಟ್ಟವರು ಪ್ರತಿಮಾಡಿದವರು. ಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ವಿದ್ಯುನ್ಮಾನಕ್ಕೆ ಬರಹ ದಾಟುತ್ತಲೇ ಇರಬೇಕು. ದಾಟದೆ ನಿಂತುದು ಅಳಿಯುತ್ತದೆ.

ಈ ನಾಲ್ಕು ಪಟ್ಟಣಗಳ ಜನರಿಗೆ ದಾಟುವಿಕೆಯ ಅನುಭವ ಬೇರೆ ಬಗೆಯಲ್ಲಿಯೂ ಉಂಟು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ಆಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಮುಂದೆ ತಾನೇ ತಾಲ್ಲೂಕಾಯಿತು. ಹೊಲ ಕದಲಲಿಲ್ಲ, ತೋಟ ಕದಲಲಿಲ್ಲ, ಕಡತಗಳು ಕದಲಿದವು. ತರುವಾಯ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಯಂತ್ರಕ್ಕೆ ಏರಿದವು. ಯಂತ್ರಕ್ಕೆ ತುಂಬಿದುದನ್ನು ಮತ್ತೆ ಕಾಗದದ ಮೇಲೆ ಅಚ್ಚಿಳಿಸಿ, ಗ್ರಾಮಲೆಕ್ಕಿಗರಿಂದ ಮೂಲದೊಡನೆ ಹೋಲಿಸಿ ತಿದ್ದಿಸಿದ ಮೇಲೆಯೇ ಕೈಬರಹದ ಪಹಣಿಯ ಚಲಾವಣೆ ನಿಂತಿತು. ಒಂದು ಎಕರೆಯ ಗುಂಟೆ ತಪ್ಪಿದರೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುವ ವರ್ತಕರೂ ಕೃಷಿಕರೂ ಧರ್ಮಸ್ಥಾನದ ದಾಖಲೆ ದಾಟುವಾಗ ಹೋಲಿಸಿ ನೋಡುವುದಕ್ಕೆ ಬೇಸರಿಸುವುದು ಸರಿಯೇ?

ಕೊನೆಗೆ ಉಳಿಯುವುದು ನಿಜವಾಗಿಯೂ ಕೆಲಸಕ್ಕೆ ಬಾರದ ಯಂತ್ರಗಳ ಪ್ರಶ್ನೆ. 2008ರ ಸುಮಾರಿಗೆ ಬಂದ ಆಟಂ ಎನ್270ರಂತಹ ಕೆಲವು ಸಂಸ್ಕಾರಕಗಳು 32 ಬಿಟ್ಟನ್ನು ದಾಟಲಾರವು. ಅವನ್ನು ಅಂತರ್ಜಾಲದಿಂದ ಬಿಡಿಸಿ ಟೈಪಿಂಗ್ ಕಲಿಯುವ ಮಕ್ಕಳಿಗೆ ಕೊಡಬಹುದು. ಅದೂ ಆಗದಿದ್ದರೆ ವಿಸರ್ಜಿಸಬೇಕು. ವಿಸರ್ಜನೆಯಲ್ಲಿಯೂ ಎಚ್ಚರವಿರಲೆಂದು ಮುನಿಗಳಿಗೆ ಪ್ರತಿಷ್ಠಾಪನ ಸಮಿತಿಯನ್ನು ವಿಧಿಸಿದ ಧರ್ಮ ಇದು. ಎಲ್ಲಿ ಬಿಸುಟರೆ ಯಾವ ಜೀವಕ್ಕೆ ನೋವಾಗುವುದೆಂದು ನೋಡಿ ಹೆಜ್ಜೆಯಿಡುವುದನ್ನು ಗೃಹಸ್ಥನೂ ಅಭ್ಯಾಸ ಮಾಡಬೇಕಲ್ಲವೇ? ಹಳೆಯ ಯಂತ್ರದ ಬೆಸುಗೆಯಲ್ಲಿ ಸೀಸವಿದೆ. ತಾಮ್ರಕ್ಕಾಗಿ ತಂತಿಯನ್ನು ಬಯಲಲ್ಲಿ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಗಾಳಿ, ನೀರು, ಮಣ್ಣಿನ ಜೀವಗಳೆಲ್ಲ ನೋಯುತ್ತವೆ. ಗುಜರಿಯ ಅಂಗಳದಲ್ಲಿ ಅದನ್ನು ಬರಿಗೈಯಿಂದ ಒಡೆಯುವವನೂ ಜೀವವೇ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತೆಂದೂ ಅದರಲ್ಲಿ ಶೇಕಡ 22.3 ಮಾತ್ರ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದಿತೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ತಿಳಿಸಿದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ನೋಂದಾಯಿತ ಮರುಬಳಕೆದಾರರ ಮೂಲಕವೇ ವಿಲೇವಾರಿಯಾಗಬೇಕೆನ್ನುತ್ತವೆ. ನಡೆಯಬಲ್ಲ ಯಂತ್ರವನ್ನು ಎಸೆಯುವುದು ಪ್ರಯೋಜನವಿಲ್ಲದ ಹಿಂಸೆ. ಅನರ್ಥದಂಡದಲ್ಲಿ ಅದಕ್ಕೆ ಪ್ರಮಾದಚರ್ಯೆಯೆಂಬ ಹೆಸರಿದೆ. ನಡೆಯಲಾರದುದನ್ನು ತೂಕಕ್ಕೆ ಮಾರುವುದೂ ಅದೇ ಸಾಲಿಗೆ ಸೇರುತ್ತದೆ. ಎರಡೂ ಸಂದರ್ಭಗಳಲ್ಲಿ ಹಾರ್ಡ್‌ಡಿಸ್ಕನ್ನು ಪೂರ್ಣವಾಗಿ ಅಳಿಸದೆ ಕಳುಹಿಸಿದರೆ ದಾನಿಗಳ ವಿವರಗಳನ್ನು ಬೀದಿಯಲ್ಲಿಟ್ಟಂತಾಗುತ್ತದೆ.

ಹೊಸ ಯಂತ್ರ ಕೊಡಿಸಿದ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತಾರೆ. ಹಳೆಯ ಯಂತ್ರದ ಮುಂದೆ ನಾಲ್ಕು ರಾತ್ರಿ ಕುಳಿತು ಮೂವತ್ತು ವರ್ಷಗಳ ದಾಖಲೆಯನ್ನು ದಾಟಿಸಿದ ತರುಣನ ಹೆಸರನ್ನು ಯಾರೂ ಕೇಳುವುದಿಲ್ಲ. ಈ ರೂಢಿ ತಿರುಗಬೇಕು. ಮುಂದಿನ ವಾರ್ಷಿಕ ಸಭೆಯಲ್ಲಿ ಪ್ರತಿ ಟ್ರಸ್ಟೂ ಐದು ಪ್ರಶ್ನೆಗಳನ್ನು ಕಾರ್ಯಸೂಚಿಯಲ್ಲಿ ಇಡಲಿ. ಕಚೇರಿಯ ಯಂತ್ರ ಯಾವ ವ್ಯವಸ್ಥೆಯಲ್ಲಿ ನಡೆಯುತ್ತಿದೆ, ಅದರ ಪರವಾನಗಿ ಎಲ್ಲಿದೆ, ದಾಖಲೆಯ ಎರಡನೆಯ ಪ್ರತಿ ಯಾರ ವಶದಲ್ಲಿದೆ, ಕನ್ನಡದ ಕಡತಗಳು ಯೂನಿಕೋಡಿಗೆ ಬಂದಿವೆಯೇ, ಹಿಂದಿನ ಯಂತ್ರ ಎಲ್ಲಿಗೆ ಹೋಯಿತು. ಉತ್ತರಿಸಲು ಅರ್ಧ ಗಂಟೆ ಸಾಕು. ಉತ್ತರವಿಲ್ಲದಿದ್ದರೆ ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಲಿ. ಮತ್ತೊಂದು ಯಂತ್ರಕ್ಕಾಗಿ ದಾನ ಬೇಡುವ ಮೊದಲು ಸಮಾಜದ ಮುಂದೆ ಆ ನಡಾವಳಿಯನ್ನು ಓದಲಿ.